ಗಂಡಿನ ಪಕ್ಷ ವಹಿಸಿ ಯರಗುಪ್ಪಿಗೆ ಹೋದದ್ದು

ಧಾರವಾಡದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು: ನಾನು, ಹಂಗೇರಿ ದೇಶದ ಸಂಗೀತ ಶಿಕ್ಷಕಿ ಇಲೋನಾ, ಮತ್ತು ನಮ್ಮಿಬ್ಬರಿಗಿಂತ ಹೆಚ್ಚು ಜಾಗ ಹಿಡಿದಿದ್ದ ಅವರ ಟೇಪ್ ರೆಕಾರ್ಡರ್. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟು ಎರಡು ವರ್ಷ ದಾಟಿದ್ದರೂ ಬಸ್ಸಿನ ಬದಿಯಲ್ಲಿ ಹೊಸ ಬಣ್ಣದ ಕೆಳಗಿನಿಂದ ಮೈಸೂರಿನ ಹಳೆಯ ಅಕ್ಷರಗಳು ಇಣುಕುತ್ತಿದ್ದವು. ಸಂಕ್ರಾಂತಿ ಮುಗಿದ ವಾರ. ಕಿಟಕಿಗೆ ಗಾಜಿರಲಿಲ್ಲ, ಚಳಿಗೆ ಇಲೋನಾ ಅವರ ಮೂಗು ಮೆಣಸಿನಕಾಯಿಯಂತಾಗಿತ್ತು.

ಅವರು ಬಂದ ಕಾರಣ ಇಷ್ಟು. ಅವರ ದೇಶಕ್ಕೂ ನಮ್ಮ ದೇಶಕ್ಕೂ ಒಂದು ಒಪ್ಪಂದವಿದೆ. ನಮ್ಮ ಸಂಗೀತದವರು ಅಲ್ಲಿಗೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಅಲ್ಲಿ ಮಕ್ಕಳಿಗೆ ಸಂಗೀತ ಕಲಿಸುವುದನ್ನು ಅವರವರ ಹಳ್ಳಿಯ ಹಾಡಿನಿಂದಲೇ ಶುರುಮಾಡುತ್ತಾರಂತೆ. ಹಾಗೆ ಕಲಿಸುವ ಶಿಕ್ಷಕರನ್ನು ತಯಾರು ಮಾಡುವುದು ಇಲೋನಾ ಅವರ ಕೆಲಸ. ನಮ್ಮ ಹಳ್ಳಿಯ ಹಾಡಿಕೆಯವರು ಶಿಷ್ಯರನ್ನು ಹೇಗೆ ತಯಾರು ಮಾಡುತ್ತಾರೆಂದು ಅವರು ನೋಡಬೇಕಾಗಿತ್ತು. ನನ್ನನ್ನು ಜೊತೆಗೆ ಕಳಿಸಿದ್ದು ಸಂಗೀತ ಬರುತ್ತದೆಂದಲ್ಲ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ವಿದ್ಯಾರ್ಥಿಯಾಗಿದ್ದಾಗ ಬೆಳಗಾವಿಯಿಂದ ಬಳ್ಳಾರಿಯವರೆಗೆ ಯಾವ ಚರ್ಚಾಕೂಟವನ್ನೂ ಬಿಟ್ಟವಳಲ್ಲ. "ಈಕೀಗೆ ಇಂಗ್ಲಿಷ್ ಬರತದ, ಬಾಯೂ ಜೋರದ" ಎಂದು ನಮ್ಮ ಪ್ರಾಂಶುಪಾಲರು ತೀರ್ಮಾನಿಸಿದ್ದರು.

ಇಂಥ ವಿನಿಮಯಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. ನವನಗರ ದಾಟುವ ಮೊದಲೇ ಹೇಳಿದೆ: ನೀವು ನಮ್ಮ ಹಾಡನ್ನು ಟೇಪಿನಲ್ಲಿ ಸುತ್ತಿಕೊಂಡು ಹೋಗುತ್ತೀರಿ, ಹಾಡಿದವರಿಗೆ ಒಂದು ಫೋಟೋ ಕಳಿಸುತ್ತೀರಿ, ಇದರಲ್ಲಿ ವಿನಿಮಯ ಎಲ್ಲಿ ಬಂತು? ಇಲೋನಾ ಹುಬ್ಬಳ್ಳಿ ಬರುವವರೆಗೆ ಯೋಚಿಸಿ, ನೀವು ಹೇಳುವುದು ನಿಜ, ನಾವು ಏನು ಕೊಡಬೇಕು ಹೇಳಿ ಎಂದರು. ಒಪ್ಪಿಕೊಳ್ಳುವ ಎದುರಾಳಿಗಿಂತ ದೊಡ್ಡ ಸಂಕಟ ವಾದ ಮಾಡುವವರಿಗೆ ಇನ್ನೊಂದಿಲ್ಲ. ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಮಂಡಕ್ಕಿಯ ಗಿರಮಿಟ್ಟು ಕೊಂಡೆ.

ಕುಂದಗೋಳದ ಬಸ್ಸಿನಲ್ಲಿ ಕಂಡಕ್ಟರ್ ರೆಕಾರ್ಡರಿಗೂ ಟಿಕೆಟ್ ಕೇಳಿದ. ಅದು ನನ್ನ ತೊಡೆಯ ಮೇಲಿದೆ, ಸೀಟಿನ ಮೇಲಲ್ಲ ಎಂದು ವಾದಿಸಿದೆ. ಅವನು ಅದನ್ನು ಒಮ್ಮೆ ಬೆರಳಿನಿಂದ ಬಡಿದು ನೋಡಿ, "ತೊಡಿಮ್ಯಾಲಿನ ಕೂಸಿಗೆ ಟಿಕೇಟಿಲ್ರಿ ಅಕ್ಕಾರ. ಇದು ಅಳೂದಿಲ್ಲಲ್ರಿ, ಕೂಸು ಹ್ಯಾಂಗಾತು?" ಎಂದ. ಸಾಮಾನಿನ ಟಿಕೆಟ್ ಹರಿಸಿ, ಚರ್ಚಾಕೂಟದಲ್ಲಾದರೆ ಯಾವ ಪಕ್ಷ ಕೊಟ್ಟರೂ ವಾದಿಸಬಲ್ಲೆ ಎಂದು ಇಲೋನಾ ಅವರ ಮುಂದೆ ಸಮಾಧಾನ ಮಾಡಿಕೊಂಡೆ. ಇಕ್ಕೆಲದಲ್ಲೂ ಎರೆಭೂಮಿ, ತೆನೆಗಟ್ಟಿದ ಬಿಳಿಜೋಳ, ನಡುನಡುವೆ ಕುಸುಬಿಯ ಹಳದಿ ಸಾಲು. ಕುಂದಗೋಳದಲ್ಲಿ ಇನ್ನೊಮ್ಮೆ ಬಸ್ಸು ಬದಲಾಯಿಸಿ ಯರಗುಪ್ಪಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು.

ಇಳಿದ ಕೂಡಲೇ ದಪ್ಪು ಎಂಬ ಚರ್ಮವಾದ್ಯದ ಸದ್ದು. ನಿಂತ ಜನ ನಮ್ಮನ್ನು ಕಣಕ್ಕಿಳಿಯುವ ಪೈಲವಾನರನ್ನು ನೋಡುವ ಹಾಗೆ ಮೇಲಿನಿಂದ ಕೆಳಗೆ ಅಳೆಯುತ್ತಿದ್ದರು. ನಾವು ಇಳಿದುಕೊಳ್ಳಬೇಕಾಗಿದ್ದುದು ಶಾಲೆಯ ಮಾಸ್ತರರ ಮನೆಯಲ್ಲಿ; ಅವರು ಮುಂದೆ ಬಂದರು, ಆದರೆ ನನ್ನ ಕಣ್ಣು ತಪ್ಪಿಸಿಯೇ ಮಾತಾಡಿದರು.

ಆದದ್ದು ಹೀಗೆ. ಈ ಸೀಮೆಯ ಗೀಗೀ ಪದದಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚೆಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆಂದು. ಒಂದು ಮೇಳ ಹಾಡಿನಲ್ಲಿ ಪ್ರಶ್ನೆ ಹಾಕಿದರೆ ಇನ್ನೊಂದು ಮೇಳ ಹಾಡಿನಲ್ಲೇ ಉತ್ತರ ಕೊಡಬೇಕು. ಯರಗುಪ್ಪಿಯ ಗೌರವ್ವನದು ನಾಗೇಶಿ ಮೇಳ. "ಹಾಡಿನ ಬಗ್ಗೆ ಗೌರವ್ವನಿಗೆ ಪ್ರಶ್ನೆ ಕೇಳಲು ಹೊರದೇಶದವರೊಬ್ಬರು ಬರುತ್ತಾರೆ" ಎಂದು ನಾನು ಮಾಸ್ತರರಿಗೆ ಹೇಳಿ ಕಳಿಸಿದ್ದೆ. ಪರಸ್ಥಳದಿಂದ ಹಾಡಿಕೆಯವರಿಗೆ ಪ್ರಶ್ನೆ ಕೇಳಲು ಬರುವವರು ಇಲ್ಲಿ ಒಂದೇ ತರಹದವರು, ಎದುರು ಮೇಳದವರು. ಹಿಂದಿನ ದಿನವೇ ಡಂಗುರ ಹೊಡೆದಾಗಿತ್ತು: ಸಮುದ್ರದ ಆಚೆಯಿಂದ ಹರದೇಶಿ ಮೇಳ ಬರುತ್ತಿದೆ, ಊರವರೆಲ್ಲ ಕೂಡಬೇಕು.

ತಪ್ಪನ್ನು ತಿದ್ದಲು ಗೌರವ್ವನ ಮನೆಗೆ ಹೋದೆವು. ಐವತ್ತು ದಾಟಿದ ಹೆಂಗಸು, ದಪ್ಪನ್ನು ಮೊರದಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾವು ಎದುರಾಳಿಗಳಲ್ಲ, ನೀವು ಹಾಡಿದ್ದನ್ನು ಕೇಳಿಸಿಕೊಳ್ಳುವವರು ಎಂದು ತಿಳಿಸಿ ಹೇಳಿದೆ. ಆಕೆ ದಪ್ಪನ್ನು ಗೋಡೆಗೆ ಆನಿಸಿಬಿಟ್ಟಳು.

"ಎದುರಾಳಿ ಇಲ್ದ ಹಾಡೂದಂದ್ರ ಗ್ವಾಡಿ ಜೋಡಿ ಕುಸ್ತಿ ಹಿಡದಂಗ್ರಿ ಅಕ್ಕಾರ. ಬಿದ್ರೂ ನಾನ, ಎದ್ರೂ ನಾನ."

ಆಮೇಲೆ ಮಾಸ್ತರರಿಂದ ತಿಳಿದದ್ದು, ಅದು ಬರಿಯ ಹಟವಲ್ಲ. ಒಳಗಿನಿಂದ ನಮಗೆ ನೀರು ತಂದುಕೊಟ್ಟ ನೀಲವ್ವ ಗೌರವ್ವನ ತಂಗಿಯ ಮಗಳು, ಚಿಕ್ಕಂದಿನಿಂದ ಮೇಳದಲ್ಲಿ ಬೆಳೆದವಳು. ಆದರೆ ಈ ಮೇಳದಲ್ಲಿ ಒಂದು ನೇಮವಿದೆ. ಹಿಂದೆಂದೂ ಕೇಳದ ಪ್ರಶ್ನೆಗೆ ನಾಲ್ಕು ಮಂದಿಯ ಮುಂದೆ ನಿಂತು ಉತ್ತರ ಕಟ್ಟಿ ಹಾಡಿದವರ ಕೈಗೇ ದಪ್ಪು ಸಿಗುವುದು. ಅಂಥ ಪ್ರಶ್ನೆ ಮನೆಯಲ್ಲಿ ಹುಟ್ಟುವುದಿಲ್ಲ, ಎದುರಿನವರೇ ತರಬೇಕು. ಪ್ರತಿವರ್ಷ ಬರುತ್ತಿದ್ದ ಹರದೇಶಿ ಮೇಳ ಒಡೆದು ಅದರ ಮುಖ್ಯಸ್ಥ ಹುಬ್ಬಳ್ಳಿಯ ಗಿರಣಿ ಸೇರಿದ್ದ. ಗೌರವ್ವನ ದನಿ ಒಡೆಯತೊಡಗಿತ್ತು. ಈ ಬೇಸಿಗೆಯೊಳಗೆ ದಪ್ಪು ನೀಲವ್ವನ ಕೈಗೆ ಹೋಗದಿದ್ದರೆ ಅದು ಗೂಟಕ್ಕೆ ಹೋಗುತ್ತಿತ್ತು, ಮೇಳ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮನ್ನು ಕಂಡು ನೀಲವ್ವನ ಮುಖ ಅಷ್ಟು ಅರಳಿದ್ದೇಕೆ, ನನ್ನ ಮಾತು ಕೇಳಿ ಬಾಡಿದ್ದೇಕೆ ಎಂಬುದು ಆಗ ಗೊತ್ತಾಯಿತು.

ಎಲ್ಲವನ್ನೂ ಇಲೋನಾ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ: ಹಾಗಾದರೆ ನಾವೇ ಯಾಕೆ ಎದುರಾಗಬಾರದು? ಆಕ್ಷೇಪಗಳನ್ನು ಸಾಲಾಗಿ ಮಂಡಿಸಿದೆ. ನನಗೆ ಹಾಡಲು ಬರುವುದಿಲ್ಲ. ನಿಮಗೆ ಕನ್ನಡ ಬರುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಖಾಲಿ ಇರುವುದು ಹರದೇಶಿಯ ಜಾಗ. ಗಂಡು ಹೆಚ್ಚೆಂದು ನಾವಿಬ್ಬರು ಹೆಂಗಸರು ವಾದಿಸಬೇಕಾಗುತ್ತದೆ. ಇಲೋನಾ ನಕ್ಕರು. ಯಾವ ಪಕ್ಷ ಕೊಟ್ಟರೂ ವಾದಿಸಬಲ್ಲೆನೆಂದು ಬಸ್ಸಿನಲ್ಲಿ ಹೇಳಿದವರು ನೀವೇ. ಏನಾದರೂ ಕೊಡಬೇಕೆಂದವರೂ ನೀವೇ. ಈ ಊರವರು ಕೇಳುತ್ತಿರುವುದು ಇದನ್ನೇ ಅಲ್ಲವೇ, ಎಂದರು. ನನ್ನ ಮಾತಿನಿಂದಲೇ ನನ್ನನ್ನು ಕಟ್ಟಿಹಾಕಿದವರು ಅಪರೂಪ. ಒಪ್ಪಿದೆ.

ಗೌರವ್ವ ಅಂದು ಸಂಜೆ ಇಲೋನಾ ಅವರಿಗೆ ಧಾಟಿ ಕಲಿಸಿದಳು. ಎದುರಾಳಿಗೇ ಕಲಿಸುವುದೇ ಎಂದು ಕೇಳಿದರೆ, "ಧಾಟಿ ಯಾರಪ್ಪಂದೂ ಅಲ್ರಿ. ಮಾತಷ್ಟ ನಿಮ್ಮದು ತರ್ರಿ" ಎಂದಳು. ಹೊರಡುವಾಗ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು. "ಹುಡುಗೀನ ನೋಡಿ ಕನಿಕರ ಪಟ್ಟು ಹಗೂರ ಪ್ರಶ್ನೆ ಹಾಕಿದ್ರ ನನಗ ಗೊತ್ತಾಗತೈತಿ. ದಪ್ಪು ಕೊಡೂದಿಲ್ಲ ಮತ್ತ." ಕನಿಕರ ನನ್ನ ದೌರ್ಬಲ್ಯವಲ್ಲವೆಂದು ಭರವಸೆ ಕೊಟ್ಟೆ.

ಮರುದಿನ ಬೆಳಿಗ್ಗೆಯೆಲ್ಲ ತಾಲೀಮು. ನಾನು ಸಾಲು ಕಟ್ಟಿ ಹೇಳುವುದು, ಇಲೋನಾ ತಮ್ಮ ಲಿಪಿಯಲ್ಲಿ ಬರೆದುಕೊಂಡು ಹಾಡುವುದು. ಎರಡು ಸಲ ಕೇಳಿದ ಧಾಟಿ ಅವರ ಗಂಟಲಲ್ಲಿ ಕೂತೇಬಿಟ್ಟಿತ್ತು. ಅಲ್ಪಪ್ರಾಣ ಮಹಾಪ್ರಾಣಗಳು ಮಾತ್ರ ಕೂರಲಿಲ್ಲ. ಮಾಸ್ತರರ ಹೆಂಡತಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿ, ಮೇಲೆ ತುಪ್ಪ ಹಾಕಿದ ಮಾದಲಿ ಇಟ್ಟರು. ಬಡಿಸುತ್ತಲೇ, ನೀವು ಗಂಡಿನ ಕಡೆಯವರು, ನಿಮಗೆ ಇಷ್ಟು ಉಪಚಾರ ಮಾಡಬಾರದಾಗಿತ್ತು ಎಂದೂ ಹೇಳಿದರು.

ಹಾಡಿಕೆ ಚಾವಡಿಯ ಮುಂದೆ, ಹಗಲಿನಲ್ಲೇ ನಡೆಯಿತು. ಸಾಮಾನ್ಯವಾಗಿ ರಾತ್ರಿ ಹಾಡುವವರು. ಆದರೆ ಉತ್ತರ ಕಟ್ಟುವವಳ ಮುಖ ಎಲ್ಲರಿಗೂ ಕಾಣಬೇಕೆಂದು ಗೌರವ್ವನ ಹಟ. ನಮಗೆ ಹಿಮ್ಮೇಳವಿಲ್ಲವೆಂದಾಗ ಊರ ಗಂಡಸರು ನಾ ಮುಂದು ತಾ ಮುಂದು ಎಂದು ಬಂದು ನಮ್ಮ ಬೆನ್ನಿಗೆ ಕೂತರು. ಅಷ್ಟು ಅಭಿಮಾನಿಗಳು ನನಗೆ ಯಾವ ಚರ್ಚಾಕೂಟದಲ್ಲೂ ಸಿಕ್ಕಿರಲಿಲ್ಲ. ಇಲೋನಾ ಬಾಯಿ ತೆರೆದು ಮೊದಲ ಕನ್ನಡ ಸಾಲು ಹಾಡಿದಾಗ ಹೆಂಗಸರ ಕಡೆಯಿಂದಲೂ ಚಪ್ಪಾಳೆ ಬಂತು.

ಮೊದಲ ಪ್ರಶ್ನೆಗಳು ಹಳೆಯ ದಾರಿಯವು: ಬೀಜ ಹೆಚ್ಚೋ ಹೊಲ ಹೆಚ್ಚೋ, ಹಗಲು ಹೆಚ್ಚೋ ಇರುಳು ಹೆಚ್ಚೋ. ನೀಲವ್ವ ಅವನ್ನು ನೊಣ ಓಡಿಸಿದಷ್ಟು ಸಲೀಸಾಗಿ ಓಡಿಸಿದಳು. ಇವೆಲ್ಲ ಕೇಳಿದ ಪ್ರಶ್ನೆಗಳು ಎಂಬಂತೆ ಗೌರವ್ವ ಸುಮ್ಮನೆ ತಾಳ ಹಾಕುತ್ತಿದ್ದಳು. ಆಗ ನಾನು ಇಲೋನಾ ಅವರಿಗೆ ಕೊನೆಯ ಚೀಟಿ ತೋರಿಸಿದೆ.

ಹೆಣ್ಣ ಹೆಚ್ಚಂತೀದಿ ನೀಲವ್ವ, ಎದುರಿಗಿ ಬಂದವರು ನಾವೂ ಹೆಣ್ಣ
ನಾವು ಗೆದ್ರ ಗಂಡಿನ ಪಕ್ಷ ಗೆದ್ದಂಗ, ನಾವು ಸೋತ್ರ ಸೋತದ್ದು ಹೆಣ್ಣ
ಎತ್ತಾಗ ಬಿದ್ರೂ ಗಂಡಿಗೇ ಗೆಲುವು, ಹೇಳವ್ವ ಎಲ್ಲೈತಿ ನಿನ್ನ ಹೆಣ್ಣ

ಗಂಡಸರ ಕಡೆ ಶಿಳ್ಳೆ ಬಿತ್ತು. ಗೌರವ್ವ ಎದ್ದು ನೀಲವ್ವನಿಗೆ ಬೆನ್ನು ತಿರುಗಿಸಿ ನಿಂತಳು. ಗುರುವಿನ ಮುಖದಿಂದಲೂ ಶಿಷ್ಯೆಗೆ ಸುಳಿವು ಸಿಗಬಾರದು, ಅದು ಪದ್ಧತಿ. ನೀಲವ್ವ ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ನಿಂತಳು. ಹಿಂದಿನ ಇಬ್ಬರು ಹೆಂಗಸರು ಪಲ್ಲವಿ ಹಿಡಿದರು: ಗೀಯ ಗಾ ಗೀಯ ಗಾ. ಎರಡು ಸಲ, ನಾಲ್ಕು ಸಲ. ನೀಲವ್ವ ಬಾಯಿ ತೆರೆಯಲಿಲ್ಲ. ಅವರು ದನಿ ಏರಿಸಿದರು, ಇಳಿಸಿದರು, ತಾಳ ನಿಧಾನಿಸಿದರು, ಆದರೆ ನಿಲ್ಲಿಸಲಿಲ್ಲ. ಇಲೋನಾ ನನ್ನ ತೋಳು ಹಿಡಿದರು. ಅವರು ಪಿಸುಗುಟ್ಟಿದರು: ಈ ಪಲ್ಲವಿ ಅಲಂಕಾರವೆಂದುಕೊಂಡಿದ್ದೆ. ಅವಳು ಯೋಚಿಸಿ ಮುಗಿಸುವವರೆಗೆ ಅವರು ಕಾಯುತ್ತಿದ್ದಾರೆ. ನಮ್ಮ ದೇಶದ ತರಗತಿಯಲ್ಲಿ ಒಂದು ಮಗುವಿಗೆ ಉತ್ತರ ಹೊಳೆಯದಿದ್ದರೆ ಉಳಿದವರು ಕೈ ಎತ್ತುತ್ತಾರೆ. ಇಲ್ಲಿ ಅವಳಿಗಾಗಿ ಹಾಡುತ್ತಾರೆ.

ನನಗೆ ಚರ್ಚಾಕೂಟದ ಗಂಟೆಯಷ್ಟೇ ಗೊತ್ತು. ಎದುರಾಳಿ ತಡವರಿಸುವಾಗ ಆ ಗಂಟೆ ನನಗೆ ಬಹಳ ಹಿತವಾಗಿ ಕೇಳಿಸುತ್ತಿತ್ತು. ಅಂದು ಮಾತ್ರ ಆ ಇಬ್ಬರ ಉಸಿರು ಸಾಲಲಿ ಎಂದುಕೊಂಡೆ. ನನ್ನ ಪ್ರಶ್ನೆಯನ್ನು ಮಾತ್ರ ಹಿಂದಕ್ಕೆ ಪಡೆಯುವ ಮನಸ್ಸಾಗಲಿಲ್ಲ; ಅದು ಒಳ್ಳೆಯ ಪ್ರಶ್ನೆಯಾಗಿತ್ತು. ಅಷ್ಟರಲ್ಲಿ ನೀಲವ್ವ ಸೆರಗು ಬಿಟ್ಟಳು.

ತನ್ನ ಮಾತು ತಾ ಆಡಲಾರದ ಗಂಡು ಎರಡು ಹೆಣ್ಣ ಕರಸ್ಯಾನ
ಒಬ್ಬಾಕಿ ಬುದ್ಧಿ ಒಬ್ಬಾಕಿ ದನಿ ಕಡಾ ತಂದು ಕುಣದಾನ
ಕಡಾ ಕೊಟ್ಟಾಕಿ ದೊಡ್ಡಾಕೇನ, ಇಸಗೊಂಡಾವ ದೊಡ್ಡಾವೇನ

ಬುದ್ಧಿಯನ್ನೂ ದನಿಯನ್ನೂ ಸಾಲ ತಂದವರೆಂದು ಹಾಡಿಸಿಕೊಂಡರೂ ಮೊದಲು ನಕ್ಕದ್ದು ನಮ್ಮ ಬೆನ್ನಿಗೆ ಕೂತಿದ್ದ ಗಂಡಸರು. ಮಾಸ್ತರರಂತೂ ಕಣ್ಣೀರು ಬರುವ ಹಾಗೆ ನಕ್ಕರು. ಗೌರವ್ವ ತಿರುಗಿದಳು, ನನ್ನ ಮುಖ ನೋಡಿದಳು. ನಾನು ಕೈ ಮುಗಿದೆ. ಆಕೆ ದಪ್ಪನ್ನು ಕೊರಳಿನಿಂದ ತೆಗೆದು ನೀಲವ್ವನ ಹೆಗಲಿಗೆ ಹಾಕಿದಳು. ನೀಲವ್ವ ಬಾರಿಸಿದ ಮೊದಲ ಪೆಟ್ಟು ತಪ್ಪಿತು. ಎರಡನೆಯದು ತಪ್ಪಲಿಲ್ಲ. ಆಮೇಲಿನ ಹಾಡುಗಳಿಗೆ ಇಲೋನಾ ಟೇಪನ್ನು ಓಡಲು ಬಿಟ್ಟು ತಾವು ಹಿಂದಿನ ಹೆಂಗಸರ ನಡುವೆ ಕೂತು ಗೀಯ ಗಾ ಹಾಡಿದರು.

ಮೂರನೆಯ ದಿನ ಬೆಳಿಗ್ಗೆ ಬಸ್ಸಿನವರೆಗೆ ನೀಲವ್ವ ಬಂದಳು, ಹೆಗಲಲ್ಲಿ ದಪ್ಪು ಇದ್ದೇ ಇತ್ತು. ಇಲೋನಾ ಅವರನ್ನು ಹತ್ತಿಸಿ ನಾನು ಕಾಲು ಎತ್ತಿಡುವಾಗ ತಡೆದಳು.

"ಅಕ್ಕಾರ, ಖರೇ ಹೇಳ್ರಿ. ಬೇಕಂತ ಸೋತ್ರೇನು?"

"ನಾ ಬೇಕಂತ ಯಾವತ್ತೂ ಸೋತಿಲ್ಲವ್ವ. ನಿನ್ನ ಉತ್ತರದಾಗ ಒಂದು ತೂತು ಐತಿ. ನಿನ್ನೆ ರಾತ್ರಿ ಮಲಗಿದ ಮ್ಯಾಲೆ ಹೊಳೀತು."

ಮುಖ ಸಪ್ಪಗಾದೀತೆಂದು ಹೆದರಿದ್ದೆ. ಆಕೆಯ ಕಣ್ಣು ಹೊಳೆದವು. "ಹಂಗಾರ ಬರೂ ವರ್ಷ ಬರ್ತೀರಿ."

ಇಲೋನಾ ಮುಂದಿನ ವಾರ ತಮ್ಮ ದೇಶಕ್ಕೆ ಹೋಗುವವರು. ಹಾಡಲು ಬಾರದ ನಾನೊಬ್ಬಳೇ ಸಮುದ್ರದ ಆಚೆಯ ಮೇಳದ ಉಳಿಕೆ. ಹಾಗೆಂದು ಹೇಳಿದರೆ, ಧಾಟಿ ನಾನು ಕಲಸ್ತೀನಿ, ಮಾತು ನೀವು ತರ್ರಿ ಎಂದಳು, ಪಕ್ಕಾ ಗೌರವ್ವನಂತೆಯೇ. ಈ ಪತ್ರಿಕೆ ಯರಗುಪ್ಪಿಯ ಮಾಸ್ತರರ ಮನೆಗೆ ಬರುತ್ತದೆ, ಅವರು ಚಾವಡಿಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಆದ್ದರಿಂದ ಆ ತೂತು ಯಾವುದೆಂದು ಇಲ್ಲಿ ಬರೆಯಲಾರೆ, ಓದುಗರು ಕ್ಷಮಿಸಬೇಕು.

ಆದರೆ ಅಂದು ನಾಲಿಗೆ ತಡೆಯಲಾಗಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನೀಲವ್ವಾ, ಕಡಾ ಕೊಟ್ಟಾಕಿ..." ಎಂದು ಶುರುಮಾಡಿದೆ.

"ಈಗ ಹೇಳಬ್ಯಾಡ್ರಿ, ಬಂದು ಹಾಡ್ರಿ" ಎಂದು ಆಕೆ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಳು. ಜೋಳದ ಹೊಲದ ಹತ್ತಿರ ರಸ್ತೆ ತಿರುಗುವಾಗ ಇನ್ನೊಮ್ಮೆ ನೋಡಿದೆ. ಧೂಳಿನ ನಡುವೆ ಆಕೆ ಇನ್ನೂ ಹಾಗೆಯೇ ಕಿವಿ ಮುಚ್ಚಿಕೊಂಡು ನಿಂತಿದ್ದಳು.