ಬೀಗದಜ್ಜ ಬರೆದುಕೊಟ್ಟ ನಾಲ್ಕು ಸಾಲು

ಬೆಳಗಿನ ಆರೂಕಾಲು. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಒಂದು ಬಾಗಿಲಿನಷ್ಟೇ ಅಗಲದ ಜಾಗದಲ್ಲಿ ಬೀಗದಜ್ಜ ಅಂಗಡಿ ತೆರೆಯುತ್ತಿದ್ದಾರೆ. ತೆರೆಯುವುದೆಂದರೆ ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತುವುದು, ಅಷ್ಟೇ. ಅರಗಳು, ಚಿಮಟ, ಎಣ್ಣೆ ಡಬ್ಬಿ, ಇನ್ನೂ ಹಲ್ಲು ಕೊರೆಯದ ಕೀಲಿಗಳ ಗೊಂಚಲು ಒಂದೊಂದಾಗಿ ಹೊರಬರುತ್ತವೆ. ಕೊನೆಗೆ ಬರುವುದು ಔಷಧಿಯ ಪುಟ್ಟ ಶೀಶೆ. ಅದರ ತುಂಬ ಅಕ್ಕಿಕಾಳಿಗಿಂತ ಚಿಕ್ಕ ಹಿತ್ತಾಳೆಯ ಪಿನ್ನುಗಳು. ಕಣ್ಣಿಗೆ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಒಂದು ಪಿನ್ನನ್ನು ಹಳೆಯ ಬೀಗದೊಳಗೆ ಇಳಿಸುತ್ತಾರೆ. "ಈಗೇನಾದ್ರೂ ಸೀನು ಬಂತೋ, ಇಡೀ ಬೀದಿ ಗುಡಿಸಿ ಹುಡುಕ್ಬೇಕು" ಎಂದು ನಗುತ್ತಾರೆ. ಬೀಗ ಜೋಡಿಸುವ ಮುನ್ನ ಒಳಗೆ ಸೂಜಿಯಿಂದ ಎರಡು ಗೀರು ಎಳೆಯುತ್ತಾರೆ.

ಈ ಕೆಲಸಕ್ಕೆ ಅವರು ಕಾಸು ಮುಟ್ಟುವುದಿಲ್ಲ. ಗೋಡೆಗೆ ತೂಗುಹಾಕಿದ ರಟ್ಟಿನ ಮೇಲೆ ಅವರದೇ ಸೊಟ್ಟ ಅಕ್ಷರ: 'ನನ್ನ ಹತ್ತಿರ ರಿಪೇರಿಯಾದ ಹಳೆಯ ಬಾಗಿಲು ಬೀಗ ತನ್ನಿ. ಪುಕ್ಕಟೆ ಸರಿಮಾಡಿ ಕೊಡುತ್ತೇನೆ.' ಬುದ್ಧಿ ನೆಟ್ಟಗಿರುವ ಯಾವ ವ್ಯಾಪಾರಿಯೂ ಹಾಕದ ಬೋರ್ಡು ಅದು.

ಅಜ್ಜನಿಗೆ ಅರವತ್ತೇಳು. ಹದಿನಾಲ್ಕನೇ ವಯಸ್ಸಿಗೆ ಸೋದರಮಾವನ ಪಕ್ಕ ಕೂತು ಅರ ಹಿಡಿದವರು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕೀಲಿ, ಏಳೆಂಟು ಬೀಗದ ರಿಪೇರಿ. ಇದರ ಜೊತೆಗೆ, ಕೀಲಿ ಒಳಗೇ ಬಿಟ್ಟು ಬಾಗಿಲೆಳೆದುಕೊಂಡು ಬಂದು ಪೆಚ್ಚುಮೋರೆ ಹಾಕಿ ನಿಲ್ಲುವವರು ದಿನಾ ಮೂರ್ನಾಲ್ಕು ಮಂದಿ. ಅಜ್ಜನ ಸ್ವಂತ ಮನೆಯ ಚಿಲಕ ಮಾತ್ರ ಮೂರು ವರ್ಷದಿಂದ ದಾರದಲ್ಲಿ ನಿಂತಿದೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾರೆ.

ಬೋರ್ಡಿನ ಕಥೆ ಶುರುವಾದದ್ದು ಹೋದ ವರ್ಷ. ಎರಡು ಬೀದಿ ಆಚೆ ಒಬ್ಬ ಟೈಲರಕ್ಕ ತನ್ನ ನಾದಿನಿಯ ಜೊತೆ ಶಾಲೆಗಳ ಯೂನಿಫಾರಂ ಹೊಲಿಯುತ್ತಿದ್ದರು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಮೂರು ಹೊಲಿಗೆ ಮೆಷಿನ್ನುಗಳೂ ಇಲ್ಲ. ನೆಲದ ಮೇಲೆ ಎಣ್ಣೆಯ ಕಲೆಗಳಷ್ಟೇ ಉಳಿದಿದ್ದವು. ಮೆಷಿನ್ನಿಗೆ ಇನ್ಶೂರೆನ್ಸ್ ಇತ್ತು. ಆದರೆ ವಿಚಾರಣೆಗೆ ಬಂದ ಕಂಪನಿಯ ತನಿಖಾಧಿಕಾರಿ ಬಾಗಿಲ ಮುಂದೆ ಹತ್ತು ನಿಮಿಷ ನಿಂತು ಒಂದೇ ಮಾತು ಕೇಳಿದರು: "ಬೀಗ ಒಡೆದಿಲ್ಲ. ಕೀಲಿ ಇರೋದು ನಿಮ್ಮಿಬ್ಬರ ಹತ್ರ. ಹಾಗಾದ್ರೆ ಒಳಗೆ ಹೋದೋರು ಯಾರಮ್ಮ?"

ಆ ಮಾತು ಮನೆಯೊಳಗೂ ಬಂತು. ಅತ್ತಿಗೆ ನಾದಿನಿಯನ್ನು ನೋಡುವ ನೋಟ ಬದಲಾಯಿತು, ನಾದಿನಿ ಕೆಲಸಕ್ಕೆ ಬರುವುದನ್ನೇ ಬಿಟ್ಟಳು. ಪಾಲಿಸಿಯ ಪ್ರಕಾರ ಯಾರೋ ಬೀಗ ಮೀಟಿ ಒಳನುಗ್ಗಿದ ಗುರುತು ಇರಲೇಬೇಕು. ಇಲ್ಲದಿದ್ದರೆ ಮೆಷಿನ್ನೂ ಇಲ್ಲ, ಮಾನವೂ ಇಲ್ಲ.

ತನಿಖಾಧಿಕಾರಿ ಬಾಗಿಲಿನಿಂದ ಬೀಗ ಬಿಚ್ಚಿಸಿಕೊಂಡು ಬಂದದ್ದು ಬೀಗದಜ್ಜನ ಬಳಿಗೇ. "ಇದು ಇದರದೇ ಕೀಲಿಯಿಂದ ತೆಗೆದಿದ್ದೋ ಹೇಗೆ ಅಂತ ಬರೆದುಕೊಡಿ, ಹಿರಿಯರೇ." ಅಜ್ಜ ಬೀಗ ಬಿಚ್ಚಿದರು. ಒಳಗೆ ಅವರದೇ ಗೀರು! ರಿಪೇರಿ ಮಾಡಿದ ಪ್ರತಿ ಬೀಗದೊಳಗೂ ಹೆಮ್ಮೆಯಿಂದ ಒಂದು ಗೀರೆಳೆಯುವುದು ಸೋದರಮಾವ ಕಲಿಸಿದ ಪಾಠ.

ಇಂಥ ಬೀಗದೊಳಗೆ ಸಾಲಾಗಿ ಐದು ಪಿನ್ನು ಕೂತಿರುತ್ತವೆ. ಕೀಲಿಯ ಹಲ್ಲು ಐದನ್ನೂ ಸರಿಯಾಗಿ ಎತ್ತಿದರೆ ಮಾತ್ರ ಬೀಗ ತಿರುಗುತ್ತದೆ. ಪಿನ್ನು ಸವೆದರೆ ಕೀಲಿ ಸಿಕ್ಕಿಕೊಳ್ಳುತ್ತದೆ. ಹೊಸ ಪಿನ್ನು ಉಜ್ಜಿ ಕೂರಿಸಲು ಒಂದು ಗಂಟೆ ಬೇಕು. ಸವೆದದ್ದನ್ನು ಕಿತ್ತೆಸೆದು ಗುಳಿ ಖಾಲಿ ಬಿಟ್ಟರೆ ಎರಡೇ ನಿಮಿಷ, ಕೀಲಿ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತದೆ. ಗಿರಾಕಿಗೂ ಖುಷಿ. "ನಮ್ಮ ಕಸುಬಿನವರು ಎಲ್ರೂ ಮಾಡ್ತಾರೆ. ನಾನೂ ಮಾಡ್ದೆ. ಟೈಲರಕ್ಕ ಆವತ್ತು ಅರ್ಜೆಂಟು ಅಂದ್ಲು, ಎರಡು ಕಿತ್ತೆ. ಮೂರು ಪಿನ್ನಿನ ಬೀಗ ಅಂದ್ರೆ ಕಳ್ಳನಿಗೆ ಬಾರಪ್ಪ ಅಂತ ಕರೆದ ಹಾಗೆ."

ಉಳಿದ ಮೂರು ಪಿನ್ನುಗಳ ಮೇಲೆ ತಂತಿಯ ಹೊಸ ಗೆರೆಗಳಿದ್ದವು. ಕಳ್ಳ ತಂತಿ ಹಾಕಿ ಮೀಟಿದ್ದ, ಹೋಗುವಾಗ ಬಾಗಿಲೆಳೆದಿದ್ದ, ಬೀಗ ತಾನಾಗಿ ಹಾಕಿಕೊಂಡಿತ್ತು. ತಂತಿಯ ಗೆರೆಯನ್ನಷ್ಟೇ ಬರೆದುಕೊಡಬಹುದಿತ್ತು. ಆದರೆ ಐದು ಪಿನ್ನಿನ ಬೀಗವನ್ನು ಸಾಧಾರಣ ಕಳ್ಳನೊಬ್ಬ ಸದ್ದಿಲ್ಲದೆ ತೆರೆದ ಎಂದರೆ ಕಂಪನಿ ನಂಬುತ್ತದೆಯೇ? ಖಾಲಿ ಗುಳಿಗಳನ್ನು ತೋರಿಸಿದರೆ, ಕಿತ್ತವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅರದಿಂದ ಒಮ್ಮೆ ಉಜ್ಜಿದ್ದರೆ ಗೀರು ಮಾಯವಾಗುತ್ತಿತ್ತು. "ಅರ ಕೈಗೆ ತಗೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಅಜ್ಜ. ಆಮೇಲೆ ಅದನ್ನು ಕೆಳಗಿಟ್ಟು, ಬೀಗ ಜೋಡಿಸಿ, ಬಗ್ಗಿಸಿದ ತಂತಿಯೊಂದರಿಂದ ತನಿಖಾಧಿಕಾರಿಯ ಕಣ್ಣೆದುರೇ ಬೀಗ ತೆರೆದು ತೋರಿಸಿದರು. ಹತ್ತು ಎಣಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಕಾಗದದಲ್ಲಿ ನಾಲ್ಕು ಸಾಲು ಬರೆದರು: 'ಎರಡು ಪಿನ್ನು ಇಲ್ಲ. ತೆಗೆದವನು ನಾನು. ಮಿಕ್ಕಿದ್ದರ ಮೇಲೆ ತಂತಿಯ ಗುರುತಿದೆ. ಮನೆಯವರ ತಪ್ಪಿಲ್ಲ.'

ತನಿಖಾಧಿಕಾರಿ ಕಾಗದವನ್ನು ಎರಡು ಸಲ ಓದಿದರು. "ಹಿರಿಯರೇ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತಿದೀರಿ. ಇದು ಫೈಲಿಗೆ ಹೋಗುತ್ತೆ."

"ಹೋಗ್ಲಿ ಬಿಡಿ ಸಾರ್. ಆ ಹೆಣ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡೋ ಹಾಗಾಗ್ಲಿ."

ಎರಡು ತಿಂಗಳ ಬಳಿಕ ಹೊಸ ಮೆಷಿನ್ನುಗಳು ಬಂದವು. ನಾದಿನಿಯನ್ನು ಕರೆತರಲು ಟೈಲರಕ್ಕ ಮೂರು ಸಲ ಹೋಗಬೇಕಾಯಿತು. ಅಜ್ಜನನ್ನು ಮಾತ್ರ ಆಕೆ ಸುಮ್ಮನೆ ಬಿಡಲಿಲ್ಲ, ಬೀದಿಯಲ್ಲೇ ನಿಂತು ಮನಸಾರೆ ಬೈದರು. ಸುದ್ದಿ ಹಬ್ಬಿ ಗಿರಾಕಿಗಳು ಅರ್ಧಕ್ಕಿಳಿದರು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಅಜ್ಜ ರಟ್ಟಿನ ಬೋರ್ಡು ಬರೆದು ತೂಗುಹಾಕಿದರು.

ವಾರದ ನಂತರ ಬಂದ ಮೊದಲ ಬೀಗವೇ ಟೈಲರಕ್ಕನದು, ಕಂಪನಿ ಹಿಂದಿರುಗಿಸಿದ ಅದೇ ಬೀಗ. ಅಜ್ಜನಿಗೆ ಮುಖವೆತ್ತಲು ಆಗಲಿಲ್ಲ. "ಹೊಸದು ತಗೋಬಾರದೇನಮ್ಮ?"

"ಹೊಸದರೊಳಗೆ ಏನಿದೆಯೋ ಯಾರಿಗ್ಗೊತ್ತು ಅಜ್ಜ? ಇದರೊಳಗೆ ಏನಿಲ್ಲ ಅಂತ ನಿಮಗೆ ಗೊತ್ತಲ್ಲ. ಹಾಕಿಕೊಡಿ."

ಇದುವರೆಗೆ ಅರವತ್ತಮೂರು ಬೀಗ ವಾಪಸು ಬಂದಿವೆ. ಇನ್ನೂ ನೂರೈವತ್ತಾದರೂ ಇರಬಹುದು ಎಂಬುದು ಅಜ್ಜನ ಅಂದಾಜು. ಕಣ್ಣು ಮಂಜಾಗುವ ಮೊದಲು ಎಲ್ಲವೂ ಬಂದುಬಿಡಲಿ ಎನ್ನುವುದೊಂದೇ ಅವರ ಆಸೆ. ಇವತ್ತು ಬೆಳಿಗ್ಗೆ ಎಳೆದ ಎರಡು ಗೀರು ಯಾಕೆಂದು ಕೇಳಿದರೆ, ಬೀಗವನ್ನು ಬಟ್ಟೆಯಲ್ಲಿ ಒರೆಸುತ್ತಾ ಹೇಳುತ್ತಾರೆ: "ಮೊದಲನೇ ಗೀರು, ಇದನ್ನ ನಾನು ಮಾಡ್ದೆ ಅಂತ. ಎರಡನೇದು, ಐದೂ ಪಿನ್ನು ಇದಾವೆ ಅಂತ."