ನಲವತ್ತೆಂಟು ಪಿಕ್ಸೆಲ್ ಸೊರಗಿದ ಮುಖ

೨೦೦೪ರಲ್ಲಿ ನಾನು ಕೆ.ಆರ್. ನಗರದ ಬಸ್ ನಿಲ್ದಾಣದ ಹತ್ತಿರ ಸ್ಟುಡಿಯೊ ನಡೆಸುತ್ತಿದ್ದೆ. ಅಂಗಡಿಗೆ ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಗುಂಪು ಫೋಟೊದಲ್ಲಿ ಕಡಲೆಕಾಳಿನಷ್ಟು ಮುಖ ತೋರಿಸಿ "ದೊಡ್ಡದು ಮಾಡ್ಕೊಡಿ" ಎನ್ನುವವರಿಗೆ ಅದು ಯಾಕಾಗದೆಂದು ವಿವರಿಸಿ ವಿವರಿಸಿ ಸಾಕಾಗಿಹೋಗಿತ್ತು.

ಒಂದು ಬೆಳಿಗ್ಗೆ ಭೇರ್ಯದ ಕಡೆಯ ಗೌರಮ್ಮ ತಮ್ಮ ಮೈದುನನೊಂದಿಗೆ ಒಂದು ಮದುವೆಯ ವಿಡಿಯೊ ಕ್ಯಾಸೆಟ್ ತಂದರು. ಗಂಡ ತೀರಿಕೊಂಡಿದ್ದರು, ನಾಡಿದ್ದು ತಿಥಿ, ಫೋಟೊ ಇಡಬೇಕು. ಯಾರ ಮದುವೆಯಾದರೂ ಬಡಿಸಲು ನಿಲ್ಲುತ್ತಿದ್ದ ಮನುಷ್ಯ, ಯಾವ ಗುಂಪು ಫೋಟೊಗೂ ಸಿಕ್ಕಿರಲಿಲ್ಲ. ಇದ್ದದ್ದು ಕಾಯಿಲೆ ಬಿದ್ದ ಮೇಲೆ ತೆಗೆಸಿದ ಒಂದು ಫೋಟೊ, ಮತ್ತು ಈ ಕ್ಯಾಸೆಟ್ಟಿನಲ್ಲಿ ಸಾಂಬಾರ್ ಬಕೆಟ್ ಹಿಡಿದು ತಲೆ ಎತ್ತಿದ ಒಂದು ಕ್ಷಣ.

"ಕಾಯ್ಲೆ ಮುಖ ಬ್ಯಾಡ ಕಣಪ್ಪ. ಚೆನ್ನಾಗಿದ್ದಾಗಿಂದು ಬೇಕು" ಎಂದರು.

ಆ ಕ್ಷಣವನ್ನು ಕಂಪ್ಯೂಟರಿಗೆ ಇಳಿಸಿದೆ. ಅಗಲ ೭೨೦ ಪಿಕ್ಸೆಲ್, ಎತ್ತರ ೫೭೬. ಪಿಕ್ಸೆಲ್ ಎಂದರೆ ಚಿತ್ರವನ್ನು ಕಟ್ಟುವ ಚುಕ್ಕಿ. ತಲೆ, ಭುಜದ ಭಾಗವನ್ನಷ್ಟೇ ಬಿಡಿಸಿಕೊಂಡರೆ ಸಿಕ್ಕಿದ್ದು ಅಗಲಕ್ಕೆ ೨೪೦, ಎತ್ತರಕ್ಕೆ ೩೦೦.

ಗೌರಮ್ಮ ನೋಡಿ ತಲೆಯಾಡಿಸಿದರು. "ಇಲ್ಲೂ ಸೊರಗವ್ರೆ. ಆವಾಗ ಇಂಗಿರ್ನಿಲ್ಲ."

"ಅಣ್ಣನೇ ಕಣತ್ಗೆ, ಸುಮ್ಕಿರಿ" ಎಂದ ಮೈದುನ.

ದುಃಖದಲ್ಲಿ ಹಾಗೆ ಕಾಣುತ್ತದೆಂದು ನಾನೂ ಗಡಸಾಗಿಯೇ ಹೇಳಿದೆ. ಆಕೆ ಒಪ್ಪಲಿಲ್ಲ, ಹೋಗಿ ಬೆಂಚಿನ ಮೇಲೆ ಕುಳಿತರು. ಒಪ್ಪಿಸಿ ಕಳಿಸಿದರೆ ಸಾಕೆಂದು ಕ್ಯಾಸೆಟ್ಟನ್ನು ಟಿವಿಗೆ ಹಾಕಿದೆ. ಟಿವಿಯಲ್ಲಿ ಅದೇ ಮುಖ ಕೆನ್ನೆ ತುಂಬಿಕೊಂಡು ಕಂಡಿತು.

ಆಗ ಹೊಳೆಯಿತು. ಟಿವಿ ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ ೪:೩. ೫೭೬ ಎತ್ತರಕ್ಕೆ ೭೬೮ ಅಗಲ ಬೇಕು, ಇದ್ದದ್ದು ೭೨೦. ವಿಡಿಯೊದ ಚುಕ್ಕಿ ಚೌಕವಲ್ಲ, ತುಸು ಅಗಲ. ಕಂಪ್ಯೂಟರ್ ಅದನ್ನು ಚೌಕವೆಂದೇ ಎಣಿಸಿ ನಲವತ್ತೆಂಟು ಪಿಕ್ಸೆಲ್ ನುಂಗಿತ್ತು. ಇಡೀ ಚಿತ್ರವನ್ನು ೭೬೮ಕ್ಕೆ ಹಿಗ್ಗಿಸಿದೆ. ಗೌರಮ್ಮ ಎದ್ದು ಬಂದು ನೋಡಿದರು.

"ಈಗ ಬಂದ್ರು" ಎಂದರು.

ಮೈದುನ ಹನ್ನೆರಡು ಇಂಚು ಅಗಲದ ಫೋಟೊ ಕೇಳಿದ. ಮುಖದ ಭಾಗದಲ್ಲಿ ಈಗ ಅಗಲಕ್ಕೆ ಇದ್ದದ್ದು ೨೫೬ ಚುಕ್ಕಿ. ಅಷ್ಟಗಲ ಎಳೆದರೆ ಇಂಚಿಗೆ ಇಪ್ಪತ್ತೊಂದೇ, ಮುಖ ಕಲಸಿಹೋಗುತ್ತದೆ. ಸ್ಪಷ್ಟವಾಗಿರಲು ಇಂಚಿಗೆ ನೂರೈವತ್ತಾದರೂ ಬೇಕು, ಅಂದರೆ ೩೦೦ ಚುಕ್ಕಿಯ ಎತ್ತರ ಎರಡಿಂಚು ಮೀರುವಂತಿಲ್ಲ.

"ಬಂದೋರ್ಗೆ ಕಾಣಾಕಿಲ್ಲ" ಎಂದು ಅವನು ಗೊಣಗಿದ.

"ಬಂದೋರು ಉಂಡ್ಕಂಡು ಓಯ್ತಾರೆ. ನಾನು ಅತ್ರ ಓಗಿ ನೋಡ್ಕತೀನಿ ಬುಡು. ಚಿಕ್ಕದೇ ಕೊಡಪ್ಪ."

ಸ್ಟುಡಿಯೊ ಮುಚ್ಚಿ ವರ್ಷಗಳಾದವು. ಲೆಕ್ಕ ನನಗೆ ಗೊತ್ತಿತ್ತು. ಆದರೂ ಅಳೆದು ನೋಡದೆ ಆಕೆಯ ದುಃಖದ ಮೇಲೆ ತಪ್ಪು ಹೊರಿಸಿದ್ದೆ. ಇವತ್ತಿಗೂ ನಾಚಿಕೆಯಾಗುತ್ತದೆ. ಆ ದಿನದ ನಂತರ ಅಂಗಡಿಯಲ್ಲಿ ಯಾರಾದರೂ ಮುಖ ಹಾಗಿಲ್ಲ ಎಂದರೆ, ಎಷ್ಟೇ ಸುಸ್ತಾಗಿರಲಿ, ಬಾಯಿ ತೆರೆಯುವ ಮೊದಲು ಅಗಲ, ಎತ್ತರ ನೋಡುತ್ತಿದ್ದೆ.