ಗೊಂಬೆಗೆ ಹೇಳಿದ ಒಡಪು

ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿದ್ದ ಮಗಳ ಮನೆಗೆ ನಾನು ಬಾಣಂತನಕ್ಕೆಂದು ಹೋದ ವರ್ಷದ ಮಾತು. ಆಗ ಕಂಪ್ಯೂಟರಿನೊಳಗೆ ಒಂದು ಸುಳ್ಳು ಊರು ಇತ್ತು. ದೊಡ್ಡ ಕೆಲಸದಲ್ಲಿದ್ದವರೆಲ್ಲ ಸಂಜೆಯಾದರೆ ಅದರಲ್ಲಿ ಚಿತ್ರದ ಮನುಷ್ಯರಾಗಿ ಅಡ್ಡಾಡುತ್ತಿದ್ದರು. ವಿಕ್ಸಮ್‌ನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ನನ್ನ ಅಳಿಯ ಅಲ್ಲೊಂದು ತೊಟ್ಟಿಮನೆ ಕಟ್ಟಿದ್ದ. ಇಲ್ಲಿ ಇದ್ದ ಮನೆಯ ಬಚ್ಚಲ ನಲ್ಲಿ ಸೋರುತ್ತಿತ್ತು.

ಬಸುರಿ ಮಗಳಿಗೆ ಆಗ ಏಳು ತಿಂಗಳು. ಹಾಸಿಗೆ ಬಿಟ್ಟು ಏಳಬೇಡ ಎಂದು ಡಾಕ್ಟರು ಹೇಳಿದ್ದರಿಂದ ಕುಬುಸದ ಕಾರ್ಯ, ಅಂದರೆ ಸೀಮಂತ, ನಿಂತುಹೋಯಿತು. ನಮ್ಮ ಧಾರವಾಡದ ಕಡೆ ಕುಬುಸಕ್ಕೆ ಬಂದ ಹೆಂಗಸರು ತಂತಮ್ಮ ಗಂಡನ ಹೆಸರು ಸೇರಿಸಿ, ಪ್ರಾಸ ಹೊಂದಿಸಿ ಒಡಪು ಕಟ್ಟಿ ಹೇಳುತ್ತಾರೆ. ಮಗಳು ಅದೊಂದಕ್ಕೇ ಹಂಬಲಿಸಿದಳು.

"ಸೀರಿ ಬ್ಯಾಡ, ಊಟ ಬ್ಯಾಡ. ನನಗಂತ ಕಟ್ಟಿದ ಒಡಪು ಕೇಳಬೇಕವ್ವಾ."

ಅಳಿಯನದು ಮೈಸೂರು ಕಡೆ, ನವರಾತ್ರಿಗೆ ಗೊಂಬೆ ಕೂರಿಸುವ ಮನೆ. ಸುಳ್ಳು ಊರಿನ ತೊಟ್ಟಿಮನೆಯಲ್ಲೂ ಒಂದು ಪಟ್ಟದ ಗೊಂಬೆ ಕೂರಿಸಿದ.

"ನಮ್ಮ ಪರಿಚಯದ ಹೆಂಗಸರೆಲ್ಲಾ ಇಲ್ಲಿಗೆ ಬಂದು ಇದರ ಮುಂದೆ ಒಡಪು ಟೈಪ್ ಮಾಡ್ತಾರೆ ಅತ್ತೆ. ಇದು ನೆನಪಿಟ್ಕೊಂಡು ವಿಜಯದಶಮಿ ದಿನ ಎಲ್ಲಾ ಒಟ್ಟಿಗೆ ಹೇಳತ್ತೆ."

"ಗೊಂಬಿಗೆ ಏನ್ ನೆನಪಿರತೈತ್ರಿ?"

ನಕ್ಕ. ಕಲಿತವರು ನಗುವ ಹಾಗೆ ನಕ್ಕ.

ಮೊದಲ ದಿನವೇ ಗೊಂಬೆ ಮರೆಯಿತು. ಅದನ್ನು ಆಡಿಸುವ ಪ್ರೋಗ್ರಾಮಿಗೆ ಅಂಗೈಯಗಲ ಜಾಗವೂ ಇಲ್ಲವಂತೆ. ತುಂಬಿದರೆ ನಿಂತುಬಿಡುತ್ತದೆ, ಆಮೇಲೆ ಎಲ್ಲ ಅಳಿಸಿಕೊಂಡು ಮೊದಲಿನಿಂದ ಶುರುವಂತೆ. ಇಂಥದ್ದಕ್ಕೂ ಒಂದು ಊರು. ಆಗ ಅಳಿಯ ಬೇಸ್‌ಮೆಂಟಿನ ಹಳೆಯ ಕಂಪ್ಯೂಟರನ್ನು ಹಗಲೂ ರಾತ್ರಿ ಹಚ್ಚಿಟ್ಟ. ಗೊಂಬೆ ಕೇಳಿದ್ದನ್ನೆಲ್ಲ ಅದಕ್ಕೆ ದಾಟಿಸಬೇಕು, ಅದು ಇಟ್ಟುಕೊಳ್ಳಬೇಕು. ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನ ಹೆಂಗಸರು, ನಮ್ಮ ಡೆಟ್ರಾಯಿಟ್ ಕಡೆಯವರು, ಎಲ್ಲರೂ ಬಂದು ಹೇಳಿಹೋದರಂತೆ. ಮಗಳು ಒಂದನ್ನೂ ಮುಂಚೆ ನೋಡಲಿಲ್ಲ. ಎಲ್ಲ ಒಂದೇ ದಿನ ಕೇಳಿದರೇ ಕುಬುಸ ಅನಿಸುತ್ತದೆ ಎಂದಳು.

ಆಯುಧಪೂಜೆ ಬಂತು. ವರ್ಷವಿಡೀ ದೇವರಿಗೆ ಕೈ ಮುಗಿಯದ ಎಂಜಿನಿಯರಿಗೆ ಅಂದು ಮಾತ್ರ ಭಯ. ಕಾರಿನ ಗಾಲಿಗೆ ನಿಂಬೆಹಣ್ಣು ಇಟ್ಟ, ಹುಲ್ಲು ಕತ್ತರಿಸುವ ಮಷೀನಿಗೆ ಕುಂಕುಮ ಹಚ್ಚಿದ. ಪೂಜೆಗೆ ಕೂತ ಆಯುಧ ಕೆಲಸ ಮಾಡಬಾರದೆಂದು ಬೇಸ್‌ಮೆಂಟಿನ ಕಂಪ್ಯೂಟರನ್ನು ತಾನೇ ಆರಿಸಿ, ಒರೆಸಿ, ಹೂವಿಟ್ಟ.

ಮರುದಿನ ವಿಜಯದಶಮಿ. ಅದನ್ನು ಹಚ್ಚಿ, ಲ್ಯಾಪ್‌ಟಾಪನ್ನು ಮಗಳ ಹಾಸಿಗೆಗೆ ತಂದ. ಗೊಂಬೆ ಕೈ ಮುಗಿದು, "ಬನ್ನಿ, ನಿಮ್ಮ ಹೆಸರೇನು?" ಎಂದಿತು. ಅಷ್ಟೇ. ಮತ್ತೆ ಒತ್ತಿದ. ಮತ್ತೆ ಹೆಸರು ಕೇಳಿತು.

ಕೆಳಗೆ ಓಡಿಹೋಗಿ ಬಂದ. ಒಡಪುಗಳನ್ನು ಕಂಪ್ಯೂಟರ್ ಬಾಯಲ್ಲಿ ಇಟ್ಟುಕೊಂಡಂತೆ ಇಟ್ಟುಕೊಂಡಿತ್ತಂತೆ; ಡಿಸ್ಕಿಗೆ ಬರೆದಿಡುವಂತೆ ಇವನು ಹೇಳಿರಲೇ ಇಲ್ಲ. ಆರಿಸಿದೊಡನೆ ಎಲ್ಲ ಅಳಿಸಿಹೋಗಿತ್ತು.

"ಅದನ್ನ ಯಾರು ಆಫ್ ಮಾಡ್ತಾರೆ ಅಂದ್ಕೊಂಡಿದ್ದೆ."

"ನೀವ ಮಾಡಿದ್ರಿ," ಎಂದಳು ಮಗಳು.

ಫೋನು ಹಿಡಿದು ಒಬ್ಬೊಬ್ಬರನ್ನೂ ಬೇಡಿಕೊಂಡ. ಹಾಫ್‌ಮನ್ ಎಸ್ಟೇಟ್ಸ್‌ನ ಆಂಟಿ ಸರಿಯಾಗಿ ಕೊಟ್ಟಳು. "ಗೊಂಬಿ ಮರಿಯೂದಿಲ್ಲ ಅಂದವರು ನೀವ. ನಾ ಯಾಕ ನೆನಪಿಡ್ಲೆಪಾ? ಬಾಯಿಗೆ ಬಂದದ್ದು ಹೇಳಿದ್ದೆ, ಹೋತು." ಉಳಿದವರದೂ ಅದೇ ಪಾಡು. ಹೊಸದು ಕಟ್ಟಿಕೊಡುತ್ತೇವೆ ಎಂದವರಿಗೆ ಮಗಳು ಬೇಡವೆಂದಳು. ಗಂಡನತ್ತ ತಿರುಗಿದಳು.

"ನೀವು ಒಂದು ಕಟ್ರಿ. ನನ್ನ ಹೆಸರು ಹಾಕಿ. ಇವತ್ತ."

ಊಟ ಬಿಟ್ಟು ಬೇಸ್‌ಮೆಂಟಿನಲ್ಲಿ ಕೂತ. ಕತ್ತಲಾಗುವ ಹೊತ್ತಿಗೆ ಮೇಲೆ ಬಂದು, ಮಂಚದ ಬದಿ ಕೈ ಕಟ್ಟಿ ನಿಂತು ಹೇಳಿದ. ಪ್ರಾಸವಿರಲಿಲ್ಲ, ಅರ್ಥವೂ ಇರಲಿಲ್ಲ, ಹೆಂಡತಿಯ ಹೆಸರು ಮಾತ್ರ ಇತ್ತು. ಮಗಳು ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಹೇಳ್ರಿ ಎಂದಳು.

ಅಷ್ಟರಲ್ಲೇ ಅರ್ಧ ಮರೆತಿದ್ದ.